ಬುತ್ತಿ ಬಿಟ್ಟು ಯಾರೂ ಓಡೋಗಲ್ಲ

ಮಿರ್ಲೆ
4 ಜೂನ್ 2024

ಶ್ರೀಮತಿ ಸುಮಿತ್ರಾ ಅವರಿಗೆ ನಮಸ್ಕಾರ.

ನನ್ನ ಹೆಸರು ನಟರಾಜು. ಇಪ್ಪತ್ತಾರು ವರ್ಷ ಪತ್ರಿಕೆಯಲ್ಲಿ ಅಪರಾಧ ವರದಿ ಬರೆದು, ಈಗ ಅದನ್ನು ಬಿಟ್ಟು ನಮ್ಮೂರಿನಲ್ಲಿ ಕೂತು ಪುಸ್ತಕ ಬರೆಯುತ್ತಿದ್ದೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನ ಹನ್ನೆರಡು ಕೊಲೆ ಪ್ರಕರಣಗಳು. ಒಂಬತ್ತನೆಯ ಅಧ್ಯಾಯ ನಿಮ್ಮ ತಂಗಿ ಮಲ್ಲಿಯದು. 2017ರ ಸೆಪ್ಟೆಂಬರಿನಲ್ಲಿ ಶುಂಠಿ ಹೊಲಕ್ಕೆ ಕೂಲಿಗೆ ಹೋದ ಹತ್ತೊಂಬತ್ತರ ಹುಡುಗಿ ಹನ್ನೊಂದು ದಿನದ ಮೇಲೆ ಅದೇ ಹೊಲದ ಬಾವಿಯಲ್ಲಿ ಸಿಕ್ಕಿದ್ದು, ತಾನು ಗೊಬ್ಬರ ಕದ್ದು ಸಾಗಿಸುವುದನ್ನು ಅವಳು ಕಂಡಳೆಂದು ಹೊಲದ ಮೇಸ್ತ್ರಿ ಅವಳನ್ನು ಕೊಂದದ್ದು, ಕಳೆದ ವರ್ಷ ಅವನಿಗೆ ಜೀವಾವಧಿ ಆದದ್ದು, ಎಲ್ಲ ಇದೆ.

ತೀರ್ಪು, ಸಾಕ್ಷಿಗಳ ಹೇಳಿಕೆ, ಪೊಲೀಸ್ ಕಾಗದ ಸೇರಿ ನಾನೂರು ಪುಟ ಓದಿದ್ದೇನೆ. ಒಂದಕ್ಷರ ಊಹೆಯಿಲ್ಲ. ನಾನು ಯಾರ ಪರವೂ ಅಲ್ಲ, ಯಾರ ವಿರುದ್ಧವೂ ಅಲ್ಲ; ದಾಖಲೆ ಏನು ಹೇಳುತ್ತದೋ ಅಷ್ಟೇ. ಅಧ್ಯಾಯಕ್ಕೆ 'ಓಡಿಹೋದ ಹುಡುಗಿ' ಅಂತ ಹೆಸರಿಟ್ಟಿದ್ದೇನೆ. ಪ್ರಕಾಶಕರು ಓದಿ, "ಇಡೀ ಪುಸ್ತಕದ ಜೀವ ಇದೇ ಕಣ್ರೀ" ಅಂದರು. ಟೈಪ್ ಮಾಡಿದ ಪ್ರತಿ ಜೊತೆಗಿಟ್ಟಿದ್ದೇನೆ. ನಿಮ್ಮಿಂದ ಬೇಕಾದದ್ದು ಮಲ್ಲಿಯ ಒಂದು ಫೋಟೋ, ನಗುತ್ತಿರುವುದಾದರೆ ಒಳ್ಳೆಯದು. ನಿಮ್ಮ ನಂಬರಿಗೆ ಹದಿನೈದು ಸಲ ಮಾಡಿ ಸಾಕಾಗಿ ಕಾಗದ ಬರೆಯುತ್ತಿದ್ದೇನೆ.

ಇಂತಿ,
ನಟರಾಜು


ಸೀಗೆಕಟ್ಟೆ ಹಾಡಿ, ಎನ್. ಬೇಗೂರು ಅಂಚೆ
28 ಜೂನ್ 2024

ನಟರಾಜು ಸಾರ್‌ಗೆ ಸುಮಿತ್ರಾ ಮಾಡುವ ನಮಸ್ಕಾರಗಳು.

ಕಾಡಂಚಿನ ನಮ್ಮ ಹಾಡಿಯಲ್ಲಿ ಫೋನ್ ಸಿಗುವುದು ನೀರಿನ ಟ್ಯಾಂಕಿನ ಏಣಿಯ ಮೇಲೆ ಮಾತ್ರ. ಅಲ್ಲಿ ನೇತಾಡಿಕೊಂಡು ಸತ್ತ ತಂಗಿಯ ವಿಷಯ ಮಾತಾಡಲು ನನ್ನಿಂದ ಆಗುವುದಿಲ್ಲ. ಕಾಗದವೇ ಇರಲಿ. ನಾನು ಬರೆದದ್ದು ಬರೆದಂತೆ ಇರುತ್ತದೆ.

ನಾನು ಇಲ್ಲಿ ಅಂಗನವಾಡಿ ಟೀಚರ್. ಎಣಿಸುವುದು, ರಿಜಿಸ್ಟರ್ ತುಂಬುವುದು ನನ್ನ ಕೆಲಸ. ಅದೇ ಅಭ್ಯಾಸದಲ್ಲಿ ನಿಮ್ಮ ಅಧ್ಯಾಯವನ್ನೂ ಎಣಿಸಿದೆ. ಆ ಮೇಸ್ತ್ರಿಯ ಹೆಸರು ನಲವತ್ತಮೂರು ಸಲ ಇದೆ. ಅವನು ಓದಿದ ಶಾಲೆ, ಅವನ ಮೀಸೆ, ಜೈಲಿನಲ್ಲಿ ಅವನು ಈಗ ಮಾಡುವ ಕೆಲಸ, ಒಂದೂ ಬಿಟ್ಟಿಲ್ಲ. ಮಲ್ಲಿಯ ಹೆಸರು ಒಂಬತ್ತು ಸಲ. ಉಳಿದ ಕಡೆ 'ಯುವತಿ', 'ಮೃತಳು', 'ಶವ'. ಬಾವಿಯಿಂದ ಎತ್ತಿದ್ದನ್ನು ಒಂದೂವರೆ ಪುಟ ಬರೆದಿದ್ದೀರಿ. ಅಷ್ಟು ಹತ್ತಿರದಿಂದ ನಾನೇ ನೋಡಿಲ್ಲ ಸಾರ್. ನೀವು ಯಾರ ಕಣ್ಣಿಂದ ನೋಡಿದಿರಿ?

ಇನ್ನು ಆ ಹೆಸರು. 'ಓಡಿಹೋದ ಹುಡುಗಿ' ಅಂದರೆ ನಿಮ್ಮ ಮಿರ್ಲೆಯಲ್ಲಿ ಏನೋ ನನಗೆ ಗೊತ್ತು. ನಮ್ಮಲ್ಲಿ ಅದು ಮದುವೆ. ಹುಡುಗ ಹುಡುಗಿ ಒಪ್ಪಿದರೆ ಕಾಡಿನ ಕಡೆ ಹೋಗಿ ಎರಡು ಮೂರು ದಿನ ಇರುತ್ತಾರೆ. ಹಿರಿಯರು ಹುಡುಕಿದ ಹಾಗೆ ಮಾಡಿ, ಬೈದ ಹಾಗೆ ಮಾಡಿ ಕರೆತರುತ್ತಾರೆ. ವೀಳ್ಯ ಇಡಿಸಿದರೆ ಮುಗಿಯಿತು, ಗಂಡ ಹೆಂಡತಿ. ನಾನೂ ಓಡಿಹೋದವಳೇ. ರಾಗಿಹಿಟ್ಟು, ಉಪ್ಪು, ಮೆಣಸಿನಕಾಯಿ ಗಂಟು ಕಟ್ಟಿಕೊಂಡು ಚಿಕ್ಕಮಾದನ ಹಿಂದೆ ಹೋದೆ. ಗಂಟು ಬಿಗಿಯಾಗಿದೆಯಾ ಅಂತ ನೋಡಿ ಕಳಿಸಿದವಳು ನಮ್ಮವ್ವ! ಆದರೆ ಮಲ್ಲಿ ಓಡಿಹೋಗಲಿಲ್ಲ. ಕೂಲಿಗೆ ಹೋದಳು.

ಅವ್ವನಿಗೆ ಓದಿ ಹೇಳಿದೆ. 'ಮುದ್ದೆಮಾಲು' ಅಂತ ಬಂದ ಕಡೆ ತಡೆದಳು. ಪೊಲೀಸರು ಕೇಸಿಗಾಗಿ ತೆಗೆದುಕೊಂಡು ಹೋದ ಸಾಮಾನಿಗೆ ಹಾಗೆ ಅನ್ನುತ್ತಾರೆ ಅಂತ ಅವಳಿಗೆ ಗೊತ್ತಿಲ್ಲ. "ಮಲ್ಲಿ ಡಬ್ಬೀಲಿ ಮುದ್ದೆ ಇತ್ತಲ್ಲ, ಅದ್ಕೇ ಅಂಗಂತಾರೆ" ಅಂದಳು. ನಾನು ತಿದ್ದಲಿಲ್ಲ.

ಫೋಟೋ ಕೊಡುವುದಿಲ್ಲ.

ಸುಮಿತ್ರಾ


ಮಿರ್ಲೆ
12 ಜುಲೈ 2024

ಸುಮಿತ್ರಾ ಅವರೇ,

ನಿಮ್ಮ ಕಾಗದ ಓದಿ ಮೊದಲು ಕೋಪ ಬಂತು. ಇಪ್ಪತ್ತಾರು ವರ್ಷದಲ್ಲಿ ನನ್ನ ಬರಹವನ್ನು ಹೀಗೆ ಯಾರೂ ಎಣಿಸಿರಲಿಲ್ಲ. ಎರಡು ದಿನ ಬಿಟ್ಟು ಕೆಂಪು ಪೆನ್ ಹಿಡಿದು ನಾನೇ ಎಣಿಸಿದೆ. ನಲವತ್ತನಾಲ್ಕು. ಒಂದು ಅಡಿಟಿಪ್ಪಣಿಯಲ್ಲಿತ್ತು, ನೀವು ಬಿಟ್ಟಿದ್ದೀರಿ.

ಅವನ ಹೆಸರು ಒಂದೇ ಸಲ ಇಡುತ್ತೇನೆ. ಬಾವಿಯದು ಒಂದೇ ಸಾಲು. ನಿಮ್ಮ ಪದ್ಧತಿ ನನಗೆ ಗೊತ್ತಿರಲಿಲ್ಲ. ಈ ಸೀಮೆಯನ್ನೆಲ್ಲ ಬೈಕಿನಲ್ಲಿ ಸವೆಸಿದವನು ನಾನು, ಅಷ್ಟು ತಿಳಿದುಕೊಂಡಿರಲಿಲ್ಲವಲ್ಲ ಅಂತ ನಾಚಿಕೆಯಾಯಿತು. ಆದರೆ ಒಂದು ಮಾತು. 'ನನ್ನ ಮಗಳು ಸ್ವಇಚ್ಛೆಯಿಂದ ಮನೆ ಬಿಟ್ಟು ಓಡಿಹೋಗಿರುತ್ತಾಳೆ' ಅನ್ನುವುದು ನಾನು ಕಟ್ಟಿದ್ದಲ್ಲ. ಸೆಪ್ಟೆಂಬರ್ 12, ಮಂಗಳವಾರ, ಸ್ಟೇಷನ್ನಿನಲ್ಲಿ ನಿಮ್ಮ ತಾಯಿ ಬೊಮ್ಮಿ ಕೊಟ್ಟ ಹೇಳಿಕೆ. ಕೆಳಗೆ ಹೆಬ್ಬೆಟ್ಟು ಇದೆ. ಶೀರ್ಷಿಕೆ ಬದಲಿಸಬಲ್ಲೆ, ದಾಖಲೆ ಅಳಿಸಲಾರೆ. ಅವರು ಹಾಗೆ ಯಾಕೆ ಹೇಳಿದರು?

ಮತ್ತೆ, ಮಲ್ಲಿ ಹೇಗಿದ್ದಳು? ನಾನೂರು ಪುಟದಲ್ಲಿ ಅದು ಎಲ್ಲೂ ಇಲ್ಲ.

ನಟರಾಜು


ಸೀಗೆಕಟ್ಟೆ ಹಾಡಿ
5 ಆಗಸ್ಟ್ 2024

ನಟರಾಜಣ್ಣನಿಗೆ,

ಅಣ್ಣ ಅನ್ನಬಹುದಲ್ಲ? ಪೊಲೀಸರು, ವಕೀಲರು, ಟಿವಿಯವರು ಎಲ್ಲರೂ ಮಲ್ಲಿ ಹೇಗೆ ಸತ್ತಳು ಅಂತ ಕೇಳಿದರು. ಹೇಗಿದ್ದಳು ಅಂತ ಏಳು ವರ್ಷದಲ್ಲಿ ಕೇಳಿದವರು ನೀವೊಬ್ಬರೇ. ಕಾಗದ ಹಿಡಿದುಕೊಂಡು ಅತ್ತುಬಿಟ್ಟೆ.

ಮಲ್ಲಿ ಹೊಟ್ಟೆಬಾಕಿ. ಮೊದಲು ಅದನ್ನೇ ಬರೆಯಿರಿ, ಅವಳಿಗೇನೂ ಬೇಜಾರಾಗುವುದಿಲ್ಲ. ಹಸಿವು ಒಂದು ಗಳಿಗೆ ತಡೆಯುತ್ತಿರಲಿಲ್ಲ. ಹೊಲದಲ್ಲಿ ಎಲ್ಲರೂ ಒಂದು ಗಂಟೆಗೆ ಉಂಡರೆ ಇವಳು ಹತ್ತೂವರೆಗೇ ಡಬ್ಬಿ ತೆಗೆಯುತ್ತಿದ್ದಳು. "ಲೇ ಮಲ್ಲಿ, ನಿನ್ ಒಟ್ಟೇಲಿ ಗಡಿಯಾರ ಅದಾ?" ಅಂತ ಜೊತೆಯವರು ರೇಗಿಸುತ್ತಿದ್ದರು. ಒಂದು ಗಂಟೆಗೆ ಅವರ ಡಬ್ಬಿಗೂ ಕೈ ಹಾಕುತ್ತಿದ್ದಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಳು. ನನ್ನ ಅಂಗನವಾಡಿಗೆ ಬಂದು ಶುಂಠಿ ಬೆರಳು ಇಟ್ಟು ಮಕ್ಕಳಿಗೆ ಎಣಿಸಲು ಕಲಿಸುತ್ತಿದ್ದಳು. ಕೋಪ ಬಂದರೆ ನಗುತ್ತಿದ್ದಳು, ಅದಕ್ಕೆ ಬೈಸಿಕೊಳ್ಳುತ್ತಿದ್ದಳು. ಪಕ್ಕದ ಹಾಡಿಯ ನಂಜುಂಡನ ಮೇಲೆ ಮನಸ್ಸಿತ್ತು. ಅವನು ಆಗ ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗಿದ್ದ. ಈಗಲೂ ಊರಿಗೆ ಬಂದಾಗ ಅವ್ವನಿಗೆ ಸೌದೆ ಒಡೆದು ಕೊಟ್ಟು ಮಾತಾಡದೆ ಹೋಗುತ್ತಾನೆ.

ಒಂದು ಕೆಲಸ ಮಾಡಿಕೊಡಿ ಅಣ್ಣ. ಅವ್ವ ಒಂದು ಪೇಪರ್ ಚೂರು ಇಟ್ಟುಕೊಂಡಿದ್ದಾಳೆ. ಸೆಪ್ಟೆಂಬರ್ 13ರದು. 'ಪ್ರಿಯಕರನ ಜೊತೆ ಹಾಡಿ ಯುವತಿ ಪರಾರಿ', ಹನ್ನೊಂದು ಸಾಲು, ಬರೆದವರ ಹೆಸರಿಲ್ಲ. ಆ ಬುಧವಾರ ನಾವು ಮತ್ತೆ ಸ್ಟೇಷನ್ನಿಗೆ ಹೋದಾಗ ಅಲ್ಲಿದ್ದವರು ಇದನ್ನೇ ತೋರಿಸಿದರು. "ನೋಡಮ್ಮ, ಪೇಪರ್ನಲ್ಲೇ ಬಂದದೆ. ಓಡೋದೋಳ್ನ ಯಾವ್ ಕಾಡಲ್ ಉಡ್ಕಣ ನಾವು?" ಅಂದರು. ಅದನ್ನು ಬರೆದವನ ಕೈ ಸೇದಿಹೋಗ! ನಮ್ಮನ್ನು ಕೇಳಿದನಾ, ನಂಜುಂಡನನ್ನು ಕೇಳಿದನಾ? ನೀವು ಪತ್ರಿಕೆಯಲ್ಲಿ ಇದ್ದವರು. ಅವನು ಯಾರು ಅಂತ ಹುಡುಕಿಕೊಡಿ.

ಅವ್ವ ಸ್ಟೇಷನ್ನಿನಲ್ಲಿ ಏನು ಹೇಳಿದಳು ಅನ್ನುವುದನ್ನು ಇನ್ನೊಂದು ಸಲ ಬರೆಯುತ್ತೇನೆ.

ನಿಮ್ಮ ತಂಗಿ,
ಸುಮಿತ್ರಾ


ಮಿರ್ಲೆ
24 ಆಗಸ್ಟ್ 2024

ತಂಗಿ ಸುಮಿತ್ರಾಗೆ,

ಅಧ್ಯಾಯವನ್ನು ಮೊದಲಿನಿಂದ ಬರೆದೆ. ಪ್ರತಿ ಕಳಿಸುತ್ತಿದ್ದೇನೆ. ಹೆಸರು ಈಗ 'ಮಲ್ಲಿ' ಅಂತ ಮಾತ್ರ. ಹೊಟ್ಟೆಬಾಕಿ ಅನ್ನುವುದರಿಂದಲೇ ಶುರುವಾಗುತ್ತದೆ. ಪ್ರಕಾಶಕರು "ಏನ್ರೀ ಇದು, ಕೊಲೆಗಾರನೇ ಇಲ್ವಲ್ಲಾ" ಅಂತ ಗೊಣಗಿದರು. ಇರಲಿ ಬುಡಿ ಅಂದೆ.

ಹೋದ ವಾರ ಕಟ್ಟೆಮಳಲವಾಡಿಗೆ ಹೋಗಿದ್ದೆ. ಪುಸ್ತಕದಲ್ಲಿರುವ ಇನ್ನೊಂದು ಮನೆ. ನಿಮ್ಮನ್ನು ಕೇಳಿದ್ದನ್ನೇ ಅವರನ್ನೂ ಕೇಳಿದೆ, ಸತ್ತವನು ಹೇಗಿದ್ದ ಅಂತ. ಆ ಮನೆಯ ಕರಿಯಯ್ಯ ಅನ್ನುವ ಹಿರಿಯರು ಹೊಗೆಸೊಪ್ಪು ಕಟ್ಟುವುದನ್ನು ನಿಲ್ಲಿಸಿ ಎರಡು ಗಂಟೆ ಮಗನ ಬಗ್ಗೆ ಮಾತಾಡಿದರು. ನನ್ನ ಕೆಲಸವನ್ನು ನಾನು ಇಷ್ಟು ವರ್ಷ ತಲೆಕೆಳಗಾಗಿ ಮಾಡಿದ್ದೇನೆ ಅನ್ನಿಸಿತು.

ಆ ಪೇಪರ್ ಸುದ್ದಿಯ ವಿಷಯ. ಏಳು ವರ್ಷ ಆಯಿತು. ಜಿಲ್ಲಾ ಪುಟಕ್ಕೆ ಹತ್ತಾರು ಕಡೆಯಿಂದ ಸುದ್ದಿ ಬರುತ್ತಿತ್ತು. ಯಾರು ಬರೆದರೆಂದು ಈಗ ಹೇಳುವುದು ಕಷ್ಟ.

ನಿಮ್ಮ ಅಣ್ಣ,
ನಟರಾಜು


ಸೀಗೆಕಟ್ಟೆ ಹಾಡಿ
22 ಸೆಪ್ಟೆಂಬರ್ 2024

ನಟರಾಜಣ್ಣನಿಗೆ,

ಮಲ್ಲಿ ಸಿಕ್ಕಿದ್ದು ಇವತ್ತಿನ ತಾರೀಕಿಗೆ. ಬೇಕೆಂದೇ ಇವತ್ತು ನಿಮ್ಮ ಅಧ್ಯಾಯವನ್ನು ಅವ್ವನಿಗೆ ಓದಿದೆ. ಡಬ್ಬಿಗೆ ಕೈ ಹಾಕುವ ಕಡೆ ಅವ್ವ ನಕ್ಕಳು. "ಊ ಕಣೆ, ಅಂಗೇ ಇದ್ಲು" ಅಂದಳು. ಏಳು ವರ್ಷದಲ್ಲಿ ಮಲ್ಲಿ ಅಂದಾಗ ಅವ್ವ ನಕ್ಕಿದ್ದು ನಾನು ನೋಡಿರಲಿಲ್ಲ. ನಿಮಗೆ ಏನು ಹೇಳಲಿ!

ಆದರೆ ರಿಜಿಸ್ಟರ್ ಬರೆಯುವವಳ ಕಣ್ಣು ಸುಮ್ಮನಿರುವುದಿಲ್ಲ. ಎಲ್ಲ ತಾರೀಕು ಇದೆ. ಸೋಮವಾರ 11, ಹೊಲಕ್ಕೆ ಹೋದಳು. ಮಂಗಳವಾರ, ಬುಧವಾರ ನಾವು ಸ್ಟೇಷನ್ನಿಗೆ ಹೋದೆವು. 22, ಸಿಕ್ಕಳು. ಮಲ್ಲಿ ಸತ್ತ ತಾರೀಕು ಎಲ್ಲಿದೆ ಅಣ್ಣ? ಕೋರ್ಟಿನಲ್ಲಿ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು. ವಕೀಲರನ್ನು ಕೇಳಿದರೆ "ಈಗ್ಯಾಕಮ್ಮಾ ಅದು" ಅಂದರು.

ನನಗೆ ಒಂದೇ ಒಂದು ತಿಳಿಯಬೇಕು. ಮಂಗಳವಾರ ನಾವು ಸ್ಟೇಷನ್ನಿನಲ್ಲಿ ನಿಂತಿದ್ದಾಗ ಅವಳು ಬದುಕಿದ್ದಳಾ?

ಸುಮಿತ್ರಾ


ಮಿರ್ಲೆ
1 ಅಕ್ಟೋಬರ್ 2024

ತಂಗಿ ಸುಮಿತ್ರಾಗೆ,

ದಾಖಲೆಯಲ್ಲಿ ಅದು ಸ್ಪಷ್ಟವಾಗಿಲ್ಲ. ಮೊದಲ ದಿನವೇ ಆಗಿರಬಹುದು. ನೀವು ಏನು ಮಾಡಿದ್ದರೂ ಪ್ರಯೋಜನ ಆಗುತ್ತಿರಲಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವ್ವನ ಆರೋಗ್ಯ ನೋಡಿಕೊಳ್ಳಿ.

ನಟರಾಜು


ಸೀಗೆಕಟ್ಟೆ ಹಾಡಿ
14 ನವೆಂಬರ್ 2024

ನಟರಾಜಣ್ಣನಿಗೆ,

ಒಂದಕ್ಷರ ಊಹೆಯಿಲ್ಲ ಅಂತ ಮೊದಲ ಕಾಗದದಲ್ಲಿ ಬರೆದಿದ್ದಿರಿ. ಈ ಸಲ 'ಆಗಿರಬಹುದು' ಅಂತ ಬರೆದಿದ್ದೀರಿ. ನಲವತ್ತನಾಲ್ಕು ಅಂತ ನನ್ನ ಲೆಕ್ಕ ತಿದ್ದಿದವರಿಗೆ ಒಂದು ತಾರೀಕು ಗೊತ್ತಾಗಲಿಲ್ಲವಾ? ಆರು ವಾರ ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆ. ಆಮೇಲೆ ನಾನೂ ಮುಚ್ಚಿಟ್ಟಿದ್ದೇನಲ್ಲ ಅನ್ನಿಸಿತು. ಮೊದಲು ನನ್ನದು ಹೇಳುತ್ತೇನೆ.

ಸೋಮವಾರ ಸಂಜೆ ಹೊಲದಲ್ಲಿ ಜೊತೆಗಿದ್ದ ಮಂಗಳಾ ಮಲ್ಲಿಯ ಡಬ್ಬಿ ತಂದುಕೊಟ್ಟಳು. "ಎಲ್ಲೋದ್ಲೋ ಕಾಣೆ, ಡಬ್ಬಿ ಬದೀಲೇ ಇತ್ತು" ಅಂದಳು. ನಂಜುಂಡನ ಹತ್ತಿರ ಹೋಗಿರುತ್ತಾಳೆ ಅಂತ ನಾನು ನಕ್ಕೆ. ಅವ್ವ ನಗಲಿಲ್ಲ. ಮಂಗಳವಾರ ನನ್ನನ್ನು ಎಳೆದುಕೊಂಡು ಸ್ಟೇಷನ್ನಿಗೆ ಹೋದಳು. ಅವ್ವನಿಗೆ ಬರುವುದು ನಮ್ಮ ಹಾಡಿಯ ನುಡಿ ಮಾತ್ರ. ಬರೆದುಕೊಳ್ಳುವವರು, "ಏ, ನೀನ್ ಸುಮ್ಕಿರಮ್ಮ, ನಿನ್ ಮಾತು ನಂಗಾಗಾಕಿಲ್ಲ. ಆ ಉಡ್ಗಿ ಯೋಳ್ಲಿ" ಅಂದರು. ಹಾಗೆ ಹೇಳಿದವಳು ನಾನು. 'ಓಡೋಗವ್ಳೆ ಅನ್ಸುತ್ತೆ ಸಾ' ಅಂದದ್ದು ನಾನು. ಹೆಬ್ಬೆಟ್ಟು ಮಾತ್ರ ಅವ್ವನದು.

ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವ್ವ ಮಡಿಲಲ್ಲಿದ್ದ ಡಬ್ಬಿ ಎತ್ತಿ ಅವರ ಮುಂದೆ ಹಿಡಿದು ಮೂರು ಮಾತು ಹೇಳಿದಳು. ಊರ ಮಾತಿನಲ್ಲಿ ಹೇಳಿದರೆ ಹೀಗೆ: "ನನ್ ಮಗ್ಳು ಡಬ್ಬಿ ತಗ್ದೇ ಇಲ್ಲ. ಬುತ್ತಿ ಬಿಟ್ಟು ಯಾರೂ ಓಡೋಗಲ್ಲ. ಅತ್ತೂವರೆಗೆ ಮುಂಚೇನೇ ಅವ್ಳಿಗೇನೋ ಆಗದೆ, ಒಲ್ದಲ್ಲೇ ಉಡುಕ್ರಪ್ಪಾ." ಇದನ್ನು ನಾನು ಹೇಳಲಿಲ್ಲ ಅಣ್ಣ. ಯಾಕೆ ಗೊತ್ತಾ? ನಾಚಿಕೆ. ನನಗೆ ಇಪ್ಪತ್ತನಾಲ್ಕು, ಆಗಷ್ಟೇ ಕೆಲಸ ಸಿಕ್ಕಿತ್ತು, ನೀಟಾಗಿ ಕನ್ನಡ ಮಾತಾಡುತ್ತೇನೆ ಅಂತ ಜಂಬ. ಬುತ್ತಿ, ಮುದ್ದೆ ಅಂದರೆ ಕಾಡಿನವರ ಮಾತು ಅಂತ ನಗುತ್ತಾರೆ ಅನ್ನಿಸಿತು. 'ಅವ್ವಂಗೆ ಭಯ ಸಾ' ಅಂತ ಅಷ್ಟೇ ಹೇಳಿ ಡಬ್ಬಿ ಕೆಳಗಿಡಿಸಿದೆ.

ಅವ್ವನಿಗೆ ಇದು ಗೊತ್ತಿಲ್ಲ. ತನ್ನ ಮಾತನ್ನು ಪೊಲೀಸರು ಕೇಳಲಿಲ್ಲ ಅಂತ ಅವಳು ತಿಳಿದಿದ್ದಾಳೆ.

ಈಗ ಹೇಳಿ. ಅಣ್ಣ ಅಂದಿದ್ದೇನೆ. ಸುಳ್ಳು ಹೇಳಿ ನನ್ನನ್ನು ಕಾಪಾಡಬೇಡಿ.

ಸುಮಿತ್ರಾ


ಮಿರ್ಲೆ
19 ಜನವರಿ 2025

ಸುಮಿತ್ರಾ,

ಎರಡು ತಿಂಗಳು ಈ ಕಾಗದ ಬರೆದು ಹರಿದೆ.

ಮಲ್ಲಿ ತೀರಿಕೊಂಡದ್ದು ಸೆಪ್ಟೆಂಬರ್ 14, ಗುರುವಾರ. ಡಾಕ್ಟರ ವರದಿಯಲ್ಲೂ ಇದೆ, ಆ ಮೇಸ್ತ್ರಿಯೇ ಕೊಟ್ಟ ಹೇಳಿಕೆಯಲ್ಲೂ ಇದೆ. ಅಲ್ಲಿಯವರೆಗೆ ಪಂಪ್‌ಹೌಸಿನ ಹಿಂದಿನ ಗೊಬ್ಬರದ ಕೋಣೆಯಲ್ಲಿ ಅವಳನ್ನು ಕೂಡಿಹಾಕಿದ್ದ. ಮಾರನೆಯ ದಿನದಿಂದ ಮೂರು ದಿನ ಕೆಲಸವಿಲ್ಲವೆಂದು ಕೂಲಿಯವರನ್ನು ವಾಪಸ್ ಕಳಿಸಿದ್ದ. ಮಂಗಳವಾರ ಅವಳು ಬದುಕಿದ್ದಳು. ಬುಧವಾರವೂ ಬದುಕಿದ್ದಳು.

ಬುಧವಾರ ಅಂತ ಯಾಕೆ ಬರೆದೆ ಅಂದರೆ, ಆ ಹನ್ನೊಂದು ಸಾಲು ನನ್ನವು. ನೀವು ಸೇದಿಹೋಗಲಿ ಅಂದ ಕೈ ಇದೇ. ಮಂಗಳವಾರ ಸಂಜೆ ಕೆ.ಆರ್. ನಗರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಸ್ಟೇಷನ್ನಿಗೆ ಫೋನ್ ಮಾಡಿ "ಇವತ್ತೇನಿದೆ ಸಾರ್" ಅಂತ ಕೇಳಿದೆ. ಅವರು ಹೇಳಿದರು, ನಾನು ಬರೆದೆ. ಹೇಳಿಕೆಯಲ್ಲಿ ಪ್ರಿಯಕರ ಅನ್ನುವ ಶಬ್ದವೇ ಇರಲಿಲ್ಲ. ಅದನ್ನು ಸೇರಿಸಿದವನು ನಾನು, ಓಡಿಹೋದಳು ಅಂದಮೇಲೆ ಯಾರೋ ಇರಲೇಬೇಕು ಅಂತ. ಬಸ್ ಬಂತು, ಹತ್ತಿದೆ. ಐದು ನಿಮಿಷದ ಕೆಲಸ. ನಿಮ್ಮ ಆಗಸ್ಟಿನ ಕಾಗದಕ್ಕೆ ಮುಂಚೆ ನನಗೆ ಅದರ ನೆನಪು ಕೂಡ ಇರಲಿಲ್ಲ, ಇದು ಇನ್ನೂ ಹೇಸಿಗೆ. ನೀವು ಪೇಪರ್ ಚೂರಿನ ವಿಷಯ ಬರೆದಾಗ ಹಳೆಯ ಕಟ್ಟು ತೆಗೆದು ನೋಡಿದೆ. ನೋಡಿದ ಮೇಲೂ ಹೇಳುವುದು ಕಷ್ಟ ಅಂತ ಬರೆದೆ.

ದಾಖಲೆಯಲ್ಲಿ 'ಮುದ್ದೆಮಾಲು 4: ಊಟವಿದ್ದ ಸ್ಟೀಲ್ ಡಬ್ಬಿ, ಮುಚ್ಚಳ ತೆರೆದಿಲ್ಲ' ಅಂತ ಇದೆ. ಎಷ್ಟೋ ಸಲ ಓದಿದ್ದೆ. ಅದು ಏನು ಹೇಳುತ್ತಿದೆ ಅಂತ ನಿಮ್ಮ ಅವ್ವನ ಮಾತು ಓದಿದ ಮೇಲೆ ತಿಳಿಯಿತು.

ಅಣ್ಣ ಅಂತ ಕರೆಸಿಕೊಳ್ಳುವ ಮುಖ ನನಗಿಲ್ಲ.

ನಟರಾಜು


ಮಿರ್ಲೆ (ಕಾರ್ಡು)
20 ಫೆಬ್ರವರಿ 2025

ಉತ್ತರ ಬೇಡ. ಪುಸ್ತಕದಿಂದ ಆ ಅಧ್ಯಾಯ ತೆಗೆಯಲು ಪ್ರಕಾಶಕರಿಗೆ ಹೇಳಿದ್ದೇನೆ. ನಿಮ್ಮ ಮನೆಯ ನೋವು ಮತ್ತೆ ನನ್ನ ಕೈಯಿಂದ ಅಚ್ಚಾಗುವುದು ಬೇಡ.
ನ.


ಸೀಗೆಕಟ್ಟೆ ಹಾಡಿ
8 ಏಪ್ರಿಲ್ 2025

ನಟರಾಜು ಅವರಿಗೆ,

ನಿಮ್ಮ ಜನವರಿಯ ಕಾಗದ ಓದಿದ ದಿನ ಅಂಗನವಾಡಿ ಬಾಗಿಲು ತೆಗೆಯಲಿಲ್ಲ. ಮಕ್ಕಳು ಬಂದು ಬಂದು ಹೋದವು. ಅವಳಿಗೆ ಹಸಿವು ತಡೆಯುವುದಿಲ್ಲ ಅಂತ ನಾನೇ ನಿಮಗೆ ಬರೆದಿದ್ದೆ. ಸೋಮವಾರದಿಂದ ಗುರುವಾರ ಅಂದರೆ ಎಷ್ಟು ಹೊತ್ತು ಅಂತ ಎಣಿಸಿದೆ. ಎಣಿಸಬಾರದಿತ್ತು.

ಒಂದು ತಿಂಗಳು ಒಳಗೇ ಇಟ್ಟುಕೊಂಡು ಕೊನೆಗೆ ಸ್ಟೇಷನ್ನಿನಲ್ಲಿ ಅವಳ ಮಾತು ಹೇಳದೆ ಬಿಟ್ಟದ್ದನ್ನು ಅವ್ವನ ಹತ್ತಿರ ಹೇಳಿದೆ. ಅವಳು ಸೊಪ್ಪು ಸೋಸುತ್ತಿದ್ದಳು. ಸೋಸುತ್ತಲೇ ಅಂದಳು: "ನಂಗವತ್ತೇ ಗೊತ್ತಾಯ್ತು ಕಣವ್ವ. ನಾ ಮೂರ್ ಮಾತಾಡ್ದೆ, ನೀನು ಒಂದೇ ಮಾತಾಡ್ದೆ. ಅಷ್ಟೂ ತಿಳಿಯಾಕಿಲ್ವಾ ನಂಗೆ? ಒಬ್ಳೋದ್ಲು. ನಿನ್ನೂ ಕಳ್ಕೊಂಡು ಏನ್ ಮಾಡ್ಲಿ ಅಂತ ಸುಮ್ಕಿದ್ದೆ." ಏಳು ವರ್ಷ ಅವ್ವ ನನಗೋಸ್ಕರ ಪೊಲೀಸರನ್ನು ಬೈದುಕೊಂಡು ಬದುಕಿದ್ದಳು. ಅವಳ ಮಡಿಲಲ್ಲಿ ತಲೆಯಿಟ್ಟು ಎಷ್ಟು ಅತ್ತರೂ ನನಗೆ ಸಾಕಾಗಲಿಲ್ಲ.

ನಿಮ್ಮ ಕಾರ್ಡನ್ನೂ ಓದಿ ಹೇಳಿದೆ. ಅಧ್ಯಾಯ ತೆಗೆಯುತ್ತಾರಂತೆ ಅಂದೆ. ಅವ್ವನಿಗೆ ಸಿಟ್ಟು ಬಂತು. "ಅವತ್ತೂ ಬರ್ಕೊಳ್ನಿಲ್ಲ, ಇವತ್ತೂ ಬರ್ಯಾಕಿಲ್ಲ ಅಂತಾನಾ?" ಅಂದಳು. ನನಗೂ ಅದೇ ಅನ್ನಿಸುತ್ತದೆ. ತೆಗೆದುಹಾಕಿದರೆ ನಿಮಗೂ ನನಗೂ ಒಳ್ಳೆಯದು, ಮಲ್ಲಿಗಲ್ಲ. ಹೋದ ಸಲದ ಅಧ್ಯಾಯದಲ್ಲಿ 'ಮನೆಯವರು ತಪ್ಪು ತಿಳಿದು' ಅಂತ ಒಂದು ಸಾಲಿದೆ. ಅದನ್ನು ಹೊಡೆದುಹಾಕಿ. ಅಕ್ಕ ಸುಮಿತ್ರಾ ಹೇಳಲಿಲ್ಲ ಅಂತ ಬರೆಯಿರಿ. ಅದರ ಕೆಳಗೆ ವರದಿಗಾರ ನಟರಾಜು ಕೇಳಲಿಲ್ಲ ಅಂತ ಬರೆಯಿರಿ. ಕೊಂದವನ ಹೆಸರು ಒಂದು ಸಲ ಇರುವ ಪುಸ್ತಕದಲ್ಲಿ ನಮ್ಮಿಬ್ಬರದ್ದೂ ಒಂದೊಂದು ಸಲ ಇರಲಿ.

ಕೈ ಸೇದಿಹೋಗಲಿ ಅಂದಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಇದನ್ನು ಬರೆದು ಮುಗಿಸುವವರೆಗೆ ಮಾತ್ರ ಆ ಕೈ ನೆಟ್ಟಗಿರಲಿ.

ಅವ್ವ ನಿಮ್ಮನ್ನು ಬರಹೇಳಿದ್ದಾಳೆ. ಅವತ್ತಿನ ಮೂರು ಮಾತನ್ನು ಅವಳೇ ಹೇಳುತ್ತಾಳಂತೆ, ನಮ್ಮ ನುಡಿಯಲ್ಲೇ. ನಾನು ನಡುವೆ ಬಾಯಿ ಹಾಕುವುದಿಲ್ಲ. ಬೇಗೂರಿನಲ್ಲಿ ಬಸ್ ಇಳಿದು ಸೀಗೆಕಟ್ಟೆ ಅಂದರೆ ಯಾರಾದರೂ ದಾರಿ ತೋರಿಸುತ್ತಾರೆ. ಬೆಳಿಗ್ಗೆಯೇ ಬನ್ನಿ. ಹತ್ತೂವರೆಗೆ ಊಟಕ್ಕೆ ಇಡುತ್ತಾಳೆ, ಉಣ್ಣದೆ ಕಳಿಸುವುದಿಲ್ಲ. ಅವ್ವನ ಮಾತು ಒಂದೇ ಸಲಕ್ಕೆ ನಿಮಗೆ ಅರ್ಥವಾಗದೆ ಇರಬಹುದು. ಆಗ ಕೇಳಿ. ಎಷ್ಟು ಸಲ ಕೇಳಿದರೂ ಹೇಳುತ್ತಾಳೆ.

ಸುಮಿತ್ರಾ